ಇಂದಿನ ಧಮ್ಮ ಚಿಂತನೆ: ಎಷ್ಟು ಹೊತ್ತು ಕಾಯಿಸಬಹುದು?





ಇವತ್ತಿನ ಚಿಂತನೆಯನ್ನು ನಾನು ಗಾಥೆಯಿಂದ ಶುರು ಮಾಡುತ್ತಿಲ್ಲ. ಕಂಪ್ಯೂಟರಿನ ಒಳಗಿನ ಒಂದು ಸಣ್ಣ ಏರ್ಪಾಡಿನಿಂದ ಶುರು ಮಾಡುತ್ತೇನೆ. ಸರ್ವರು, ನೆಟ್‌ವರ್ಕುಗಳ ಕೆಲಸವೇ ನನ್ನ ಹೊಟ್ಟೆಪಾಡು. ಆ ಕೆಲಸದಲ್ಲಿ ಎದುರಾಗುವ ಒಂದು ಪ್ರಶ್ನೆ ನಮ್ಮ ಪ್ರಶ್ನೆಯೂ ಹೌದು ಅಂತ ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ. ಬಾಗಿಲಿಗೆ ಬಂದು ಕರೆದವರನ್ನು, ಒಳಗಿರುವವರ ಅನುಕೂಲಕ್ಕಾಗಿ, ಎಷ್ಟು ಹೊತ್ತು ಕಾಯಿಸಬಹುದು? ಕಾಯಿಸುವುದು ಯಾವಾಗ ನ್ಯಾಯ, ಯಾವಾಗ ಅನ್ಯಾಯ? ತಾಂತ್ರಿಕ ಮಾತು ಸ್ವಲ್ಪ ಬರುತ್ತದೆ, ಸಹಿಸಿಕೊಳ್ಳಿ. ಅದನ್ನು ಬಿಟ್ಟು ಹೇಳಿದರೆ ಬರೀ ಉಪಮೆಯಾಗುತ್ತದೆ.

ನೀವು ಈಗ ಓದುತ್ತಿರುವ ಈ ಸಂದೇಶ ನಿಮ್ಮ ಫೋನಿಗೆ ಬರುವ ಮೊದಲು ಎಷ್ಟೋ ಯಂತ್ರಗಳನ್ನು ದಾಟಿ ಬಂದಿದೆ. ಪ್ಯಾಕೆಟ್ ಎಂಬ ತುಂಡುಗಳಾಗಿ ಬಂದಿದೆ. ಸರ್ವರಿನ ಬಾಗಿಲಲ್ಲಿ ನೆಟ್‌ವರ್ಕ್ ಕಾರ್ಡ್ ಇರುತ್ತದೆ. ಪ್ಯಾಕೆಟ್ ಬಂದರೆ ಕಾರ್ಡ್ ಅದನ್ನು ಮೆಮೊರಿಯಲ್ಲಿಟ್ಟು, ಒಳಗೆ ಬೇರೇನೋ ಕೆಲಸ ಮಾಡುತ್ತಿರುವ ಪ್ರೊಸೆಸರಿಗೆ 'ಬಂದಿದೆ, ನೋಡು' ಅಂತ ಕೂಗುತ್ತದೆ. ಈ ಕೂಗಿಗೆ ಇಂಟರಪ್ಟ್ ಅಂತ ಹೆಸರು. ಕೂಗು ಕೇಳಿದ ಪ್ರೊಸೆಸರು ಕೈಯಲ್ಲಿದ್ದ ಕೆಲಸವನ್ನು ಎಲ್ಲಿಗೆ ನಿಲ್ಲಿಸಿದೆ ಅಂತ ಗುರುತು ಹಾಕಿಕೊಂಡು, ಎದ್ದು ಹೋಗಿ ಪ್ಯಾಕೆಟ್ ನೋಡಿ, ಮತ್ತೆ ಬಂದು ಬಿಟ್ಟ ಕೆಲಸವನ್ನು ಹಿಡಿಯಬೇಕು. ಕಾರ್ಡಿಗೂ ಒಳಗಿನವರಿಗೂ ನಡುವೆ ನಿಂತು ಇದನ್ನೆಲ್ಲ ನಡೆಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ.

ಪ್ಯಾಕೆಟ್ ಒಂದೊಂದಾಗಿ ಆಗಾಗ ಬರುತ್ತಿದ್ದರೆ ತೊಂದರೆಯಿಲ್ಲ. ಆದರೆ 1 ಗಿಗಾಬಿಟ್ ಈಥರ್ನೆಟ್ ಸಂಪರ್ಕದಲ್ಲಿ ಅತಿ ಚಿಕ್ಕ ಪ್ಯಾಕೆಟ್‌ಗಳೇ ಒತ್ತಾಗಿ ಬಂದರೆ ಸೆಕೆಂಡಿಗೆ ಸುಮಾರು 14.88 ಲಕ್ಷ ಬರಬಹುದು. 10 ಗಿಗಾಬಿಟ್ ಆದರೆ ಅದರ ಹತ್ತು ಪಟ್ಟು. ಒಂದೊಂದಕ್ಕೂ ಒಂದು ಕೂಗು ಹಾಕಿದರೆ ಪ್ರೊಸೆಸರು ಏಳುವುದು ಕೂರುವುದರಲ್ಲೇ ಮುಗಿದುಹೋಗುತ್ತದೆ. 1996ರಲ್ಲಿ ಜೆಫ್ರಿ ಮೊಗಲ್ ಮತ್ತು ಕೆ. ಕೆ. ರಾಮಕೃಷ್ಣನ್ ಇದರ ಬಗ್ಗೆ ಒಂದು ಹೆಸರಾಂತ ಪ್ರಬಂಧ ಬರೆದರು. ಈ ಸ್ಥಿತಿಗೆ ಅವರು ಬಳಸಿದ ಹೆಸರು ಲೈವ್‌ಲಾಕ್. ಯಂತ್ರ ಸತ್ತಿಲ್ಲ, ನಿಂತಿಲ್ಲ, ಪೂರಾ ದುಡಿಯುತ್ತಿದೆ. ಆದರೆ ಬಂದ ಒಂದು ಪ್ಯಾಕೆಟ್ಟೂ ತಲುಪಬೇಕಾದಲ್ಲಿಗೆ ತಲುಪುತ್ತಿಲ್ಲ. ಬಂದವರಿಗೆ ಬಾಗಿಲು ತೆರೆಯುವುದರಲ್ಲೇ ಹೊತ್ತು ಕಳೆದು, ಒಲೆಯನ್ನೇ ಹಚ್ಚದ ಮನೆಯ ಹಾಗೆ. ಅತಿಥಿಗಳೆಲ್ಲ ಒಳಗೆ ಬಂದಿದ್ದಾರೆ, ಯಾರಿಗೂ ಊಟವಿಲ್ಲ.

ಚಳವಳಿಯಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಕರೆಗೂ ಓಡುವ ಕಾರ್ಯಕರ್ತ ಯಾವ ಕೇಸನ್ನೂ ಕೊನೆಯವರೆಗೆ ಹಿಡಿದು ನಡೆಸಲಾರ. ಹೀಗಾಗಿ, ಕರೆದ ಕೂಡಲೇ ಓಡಿಬರುವುದೇ ಕರುಣೆ, ಒಂದು ಕ್ಷಣ ತಡೆದರೂ ಕ್ರೌರ್ಯ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸ್ವಲ್ಪ ತಡೆಯುವುದು ಬೇಕು. ಎಲ್ಲರಿಗೂ ಒಳಿತಾಗುವುದಕ್ಕೇ ಬೇಕು.

ಆ ತಡೆಗೆ ಇಂಟರಪ್ಟ್ ಮಾಡರೇಶನ್ ಎಂದು ಹೆಸರು. ಕಾರ್ಡ್ ಪ್ರತಿ ಪ್ಯಾಕೆಟ್ಟಿಗೂ ಕೂಗುವುದಿಲ್ಲ. ಇಷ್ಟು ಪ್ಯಾಕೆಟ್ ಸೇರಲಿ, ಇಲ್ಲವೇ ಇಷ್ಟು ಮೈಕ್ರೊಸೆಕೆಂಡ್ ಕಳೆಯಲಿ, ಆಮೇಲೆ ಎಲ್ಲವಕ್ಕೂ ಸೇರಿಸಿ ಒಂದೇ ಕೂಗು. ಎಷ್ಟು ತಡೆಯಬೇಕು ಎಂಬುದನ್ನು ಮೊದಲು ಒಂದು ಸ್ಥಿರ ಅಂಕಿಯಾಗಿ ಬರೆದಿಡುತ್ತಿದ್ದರು. ಅದು ಸರಿಹೋಗಲಿಲ್ಲ. ರಾತ್ರಿ ಒಂದೇ ಒಂದು ಪ್ಯಾಕೆಟ್ ಬಂದಾಗಲೂ ಅದು ಸುಮ್ಮನೆ ಕಾಯುತ್ತದೆ, ಜೊತೆಗೆ ಬರುವವರು ಯಾರೂ ಇಲ್ಲದಿದ್ದರೂ. ಹಗಲು ಪ್ರವಾಹ ಬಂದಾಗ ಅದೇ ಅಂಕಿ ಸಾಲುವುದಿಲ್ಲ. ಹಾಗಾಗಿ ಡ್ರೈವರೇ ಸಂಚಾರವನ್ನು ನೋಡಿ ನೋಡಿ ತಡೆಯನ್ನು ಹೆಚ್ಚುಕಡಿಮೆ ಮಾಡಿಕೊಳ್ಳುವ ವಿಧಾನ ಬಂತು. ಅಡಾಪ್ಟಿವ್ ಎನ್ನುವುದು ಇದಕ್ಕೇ. ಇಂಟೆಲ್ ಕಂಪನಿಯ ಇ1000 ಡ್ರೈವರು ಬಂದ ಸಂಚಾರವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ದೊಡ್ಡ ಪ್ಯಾಕೆಟ್‌ಗಳ ರಾಶಿ ಬರುತ್ತಿದ್ದರೆ ಸೆಕೆಂಡಿಗೆ 4,000 ಕೂಗು ಸಾಕು. ಕಡಿಮೆ ಸಂಚಾರ, ಅಥವಾ ಚಿಕ್ಕ ಪ್ಯಾಕೆಟ್‌ಗಳು ಸಾಕಷ್ಟಿದ್ದರೆ 20,000. ಬಹುತೇಕ ಚಿಕ್ಕವೇ ಆಗಿದ್ದರೆ, ಇನ್ನೊಂದು ಹೊಂದಿಕೆಯಲ್ಲಿ, 70,000ದವರೆಗೆ. ರಾಶಿಯ ಜೊತೆ ಬಂದದ್ದು ಹೆಚ್ಚೆಂದರೆ 250 ಮೈಕ್ರೊಸೆಕೆಂಡ್ ಕಾಯುತ್ತದೆ. ರೆಪ್ಪೆ ಮಿಟುಕಿಸುವ ಹೊತ್ತಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

ಇದನ್ನು ಮೊದಲು ಓದಿದಾಗ ನನಗೆ ಸೋಣನ ನೆನಪಾಯಿತು. ಸೋಣ ಭಿಕ್ಕು ರಾಜಗೃಹದ ಹತ್ತಿರ ಕಾಲಿನಿಂದ ರಕ್ತ ಬರುವಷ್ಟು ಚಂಕ್ರಮಣ ಮಾಡಿ, ಏನೂ ಸಿಗಲಿಲ್ಲವೆಂದು ಮನೆಗೆ ಹಿಂತಿರುಗುವ ಯೋಚನೆಯಲ್ಲಿದ್ದ. ಗೃಹಸ್ಥನಾಗಿದ್ದಾಗ ಅವನು ಒಳ್ಳೆಯ ವೀಣಾವಾದಕ. ಭಗವಾನ್ ಬುದ್ಧರು ಅವನಿಗೆ ಗೊತ್ತಿರುವ ವಿಷಯದಿಂದಲೇ ಕೇಳಿದರು: ತಂತಿ ಬಹಳ ಬಿಗಿಯಾದರೆ ವೀಣೆ ನುಡಿಯುತ್ತದೆಯೇ? ಬಹಳ ಸಡಿಲವಾದರೆ? ನಾವು ಈ ಕಥೆಯನ್ನು ಕೇಳಿ 'ಮಧ್ಯದಲ್ಲಿರಬೇಕು' ಅಂತ ಮುಗಿಸಿಬಿಡುತ್ತೇವೆ. ಆದರೆ ವೀಣೆ ನುಡಿಸುವವರನ್ನು ಕೇಳಿ. ಬೆಳಿಗ್ಗೆ ಶ್ರುತಿ ಮಾಡಿದ ತಂತಿ ಮಧ್ಯಾಹ್ನದ ಬಿಸಿಗೆ ಇಳಿದಿರುತ್ತದೆ. ಮಧ್ಯ ಎನ್ನುವುದು ಒಂದು ಸಲ ಗೀಟು ಎಳೆದು ಬಿಡುವ ಜಾಗವಲ್ಲ, ಕಿವಿಗೊಟ್ಟು ಮತ್ತೆ ಮತ್ತೆ ಹುಡುಕಬೇಕಾದದ್ದು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ನಮಗೆ ಯಾರಾದರೂ 'ಅವಸರ ಬೇಡ, ಮಧ್ಯಮ ಮಾರ್ಗ ಇರಲಿ, ನಿಮ್ಮ ಬುದ್ಧರೇ ಹೇಳಿದ್ದಾರಲ್ಲ' ಎಂದಾಗ ಮೈ ಉರಿಯುತ್ತದೆ. ಬುದ್ಧರು ಅದನ್ನು ಹೇಳಿದ್ದು ತನ್ನ ಕಾಲನ್ನು ತಾನೇ ರಕ್ತ ಮಾಡಿಕೊಂಡವನಿಗೆ. ತಂತಿ ಅವನ ಕೈಯಲ್ಲೇ ಇತ್ತು. ಬಾಗಿಲ ಹೊರಗೆ ನಿಲ್ಲಿಸಲ್ಪಟ್ಟವನಿಗೆ ಹೇಳಿದ ಮಾತಲ್ಲ ಅದು. ಖಂತಿ, ಅಂದರೆ ತಾಳ್ಮೆ, ದಶಪಾರಮಿಗಳಲ್ಲಿ ಒಂದು, ನಿಜ. ಅದನ್ನು ನಾನು ನನ್ನಲ್ಲಿ ಬೆಳೆಸಿಕೊಳ್ಳಬಹುದು. ಇನ್ನೊಬ್ಬರ ಮೇಲೆ ಹೇರಿದರೆ ಅದು ಪಾರಮಿ ಆಗುವುದಿಲ್ಲ.

ಮತ್ತೆ ಡ್ರೈವರಿಗೆ ಬರೋಣ. ಅದು ಕಿವಿಗೊಟ್ಟು ಹೊಂದಿಸಿಕೊಳ್ಳುತ್ತದೆ ಅಂದೆ. ಕಿವಿ ಯಾವುದಕ್ಕೆ? ಲಿನಕ್ಸಿನಲ್ಲಿ ಹಲವು ಡ್ರೈವರುಗಳು ಸೇರಿ ಬಳಸುವ ಒಂದು ಲೆಕ್ಕಾಚಾರ ಇದೆ, ಡಿಮ್ ಅಂತ ಅದರ ಸಂಕ್ಷಿಪ್ತ ಹೆಸರು. ತಡೆಯ ಐದು ಮೆಟ್ಟಿಲುಗಳಲ್ಲಿ ಅದು ಹತ್ತಿ ಇಳಿದು ಮಾಡುತ್ತದೆ. ಒಂದು ಮೆಟ್ಟಿಲು ಹತ್ತಿ ನೋಡುತ್ತದೆ, ಮೊದಲಿಗಿಂತ ಒಳ್ಳೆಯದಾಯಿತೇ ಅಂತ ಅಳೆಯುತ್ತದೆ. ಒಳ್ಳೆಯದಾದರೆ ಮುಂದೆ, ಇಲ್ಲವಾದರೆ ಹಿಂದೆ. ಒಳ್ಳೆಯದು ಅಂದರೇನು ಎಂಬುದನ್ನು ಅದರೊಳಗೆ ಸ್ಪಷ್ಟವಾಗಿ ಬರೆದಿದ್ದಾರೆ. ಮಿಲಿಸೆಕೆಂಡಿಗೆ ಹೆಚ್ಚು ಬೈಟ್ ಬಂದರೆ ಒಳ್ಳೆಯದು. ಅದರಲ್ಲಿ ದೊಡ್ಡ ವ್ಯತ್ಯಾಸವಿಲ್ಲದಿದ್ದರೆ, ಹೆಚ್ಚು ಪ್ಯಾಕೆಟ್ ಬಂದರೆ ಒಳ್ಳೆಯದು. ಅದೂ ಸಮವಾದರೆ, ಕೂಗು ಕಡಿಮೆಯಾದರೆ ಒಳ್ಳೆಯದು.

ಈ ಮೂರನ್ನೂ ಇನ್ನೊಮ್ಮೆ ಓದಿ. ಎಷ್ಟು ತೂಕ ಬಂತು, ಎಷ್ಟು ತಲೆ ಬಂತು, ಒಳಗಿನವರಿಗೆ ಎಷ್ಟು ಕಡಿಮೆ ತೊಂದರೆಯಾಯಿತು. ಒಂದು ಪ್ಯಾಕೆಟ್ ಎಷ್ಟು ಹೊತ್ತು ಹೊರಗೆ ನಿಂತಿತ್ತು ಎಂಬುದಕ್ಕೆ ಆ ಲೆಕ್ಕದಲ್ಲಿ ಕಾಲಮ್ಮೇ ಇಲ್ಲ. ಇದನ್ನು ಬರೆದವರು ಕೆಟ್ಟವರಲ್ಲ. ಕಾಯುವಿಕೆ ಹೆಚ್ಚಾದರೆ ಪ್ರಶ್ನೆ ಉತ್ತರದ ಸಂಚಾರ ನಿಧಾನವಾಗಿ, ಬೈಟ್ ಲೆಕ್ಕದಲ್ಲೇ ಅದು ಪರೋಕ್ಷವಾಗಿ ಕಾಣಿಸುತ್ತದೆ ಎಂಬ ಸಮರ್ಥನೆಯೂ ಇದೆ, ಅದು ಸುಳ್ಳಲ್ಲ. ಪ್ಯಾಕೆಟ್ಟಿಗೆ ನೋವೂ ಇಲ್ಲ, ಅವಮಾನವೂ ಇಲ್ಲ. ಆದರೂ ನನಗೆ ಇದು ತುಂಬಾ ಪರಿಚಿತ ಲೆಕ್ಕದ ಹಾಗೆ ಕಾಣುತ್ತದೆ. ನಮ್ಮ ಕಚೇರಿಗಳ ವರದಿಗಳಲ್ಲಿ ಎಷ್ಟು ಅರ್ಜಿ ವಿಲೇವಾರಿಯಾಯಿತು ಎಂದಿರುತ್ತದೆ, ಎಷ್ಟು ಕೋಟಿ ಬಿಡುಗಡೆಯಾಯಿತು ಎಂದಿರುತ್ತದೆ. ಅರ್ಜಿ ಹಿಡಿದ ಹೆಣ್ಣುಮಗಳು ಎಷ್ಟು ಸಲ ಬಸ್ಸು ಹತ್ತಿ ಬಂದಳು ಎಂಬುದು ಇರುವುದಿಲ್ಲ. ಕಾಯಿಸುವವರು ಇಟ್ಟ ಲೆಕ್ಕದಲ್ಲಿ ಕಾದವರ ಹೊತ್ತು ಬರಬೇಕಾದರೆ ಯಾರಾದರೂ ಬೇಕೆಂದೇ ಅದನ್ನು ತರಬೇಕು.

ಬಾಬಾಸಾಹೇಬರು ತಮ್ಮ ಬದುಕಿನ ಅನುಭವಗಳನ್ನು ಬರೆದಿಟ್ಟ ಪುಟ್ಟ ಪುಸ್ತಕದ ಹೆಸರಲ್ಲೇ ಕಾಯುವಿಕೆ ಇದೆ: 'ವೇಟಿಂಗ್ ಫಾರ್ ಎ ವೀಸಾ'. ಅದರ ಮೊದಲ ಪ್ರಸಂಗ 1901ರದು. ಭೀಮರಾಯರು, ಅಣ್ಣ, ಅಕ್ಕನ ಮಗ, ಎಲ್ಲ ಹುಡುಗರು, ಹೊಸ ಬಟ್ಟೆ ಹಾಕಿಕೊಂಡು ತಂದೆಯನ್ನು ನೋಡಲು ರೈಲಿನಲ್ಲಿ ಹೊರಟು ಮಸೂರು ನಿಲ್ದಾಣದಲ್ಲಿ ಇಳಿದರು. ಬರುತ್ತೇವೆಂದು ಮೊದಲೇ ಕಾಗದ ಬರೆದಿದ್ದರು. ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ಕಾದರು. ಸ್ಟೇಷನ್ ಮಾಸ್ತರು ಮೊದಲು ಪ್ರೀತಿಯಿಂದ ವಿಚಾರಿಸಿ, ಮಹಾರರ ಮಕ್ಕಳೆಂದು ತಿಳಿದ ಕೂಡಲೇ ಹಿಂದೆ ಸರಿದರು. ಗಾಡಿಯವರು ಒಲ್ಲೆಂದರು, ಎರಡು ಪಟ್ಟು ಬಾಡಿಗೆ, ಗಾಡಿಯನ್ನು ಮಕ್ಕಳೇ ಹೊಡೆದುಕೊಳ್ಳಬೇಕು ಎಂಬ ಷರತ್ತಿನ ಮೇಲೆ ಒಬ್ಬ ಒಪ್ಪಿದ. ಕೈಯಲ್ಲಿ ಬುತ್ತಿ ಇತ್ತು, ಕುಡಿಯಲು ನೀರು ಸಿಗದೆ ಆ ರಾತ್ರಿ ಹಸಿದೇ ಮಲಗಿದರು. ಆಮೇಲೆ ಗೊತ್ತಾದದ್ದು: ಕಾಗದ ತಲುಪಿತ್ತು. ತಂದೆಯ ಕೆಲಸದವನ ಕೈಗೆ ಬಂದಿತ್ತು. ಅವನು ಅದನ್ನು ತಂದೆಗೆ ಕೊಟ್ಟಿರಲಿಲ್ಲ.

ಡ್ರೈವರ್ ಬರೆಯುವವರು ಇದಕ್ಕೆ ಒಂದು ಹೆಸರು ಇಟ್ಟುಕೊಂಡಿದ್ದಾರೆ ಎಂದರೆ ನಂಬುತ್ತೀರಾ? ಕೊಳೆಯುವ ಪ್ಯಾಕೆಟ್. ಲಿನಕ್ಸಿನಲ್ಲಿ 2001ರ ಹೊತ್ತಿಗೆ ನೇಪಿ ಎಂಬ ವ್ಯವಸ್ಥೆ ಬಂತು. ಮೊದಲ ಪ್ಯಾಕೆಟ್ಟಿಗೆ ಒಂದು ಕೂಗು. ಆಮೇಲೆ ಕೂಗನ್ನು ಬಂದ್ ಮಾಡಿ, ಡ್ರೈವರೇ ಬಾಗಿಲಿಗೆ ಹೋಗಿ, ಸಾಮಾನ್ಯವಾಗಿ ಒಂದು ಸಲಕ್ಕೆ 64ರವರೆಗೆ, ಬಂದವರನ್ನು ಒಳಗೆ ಕರೆಯುತ್ತದೆ. ಬಾಗಿಲು ಖಾಲಿಯಾದ ಮೇಲೆ ಮತ್ತೆ ಕೂಗಿಗೆ ಅನುಮತಿ. ಇದು ಬಹಳ ಒಳ್ಳೆಯ ಏರ್ಪಾಡು, ಲೈವ್‌ಲಾಕಿಗೆ ಮದ್ದು. ಆದರೆ 'ಯಾರೂ ಇಲ್ಲ' ಅಂತ ಡ್ರೈವರು ನೋಡಿದ ಕ್ಷಣಕ್ಕೂ, ಕೂಗನ್ನು ಮತ್ತೆ ತೆರೆದ ಕ್ಷಣಕ್ಕೂ ನಡುವೆ ಒಂದು ಕೂದಲೆಳೆ ಸಂದು ಇರುತ್ತದೆ. ಆ ಸಂದಿನಲ್ಲಿ ಬಂದ ಪ್ಯಾಕೆಟ್ಟಿಗೆ ಕೂಗಿಲ್ಲ. ಅದು ಮೆಮೊರಿಯಲ್ಲಿ ಇದೆ, ಕಳೆದುಹೋಗಿಲ್ಲ, ಯಾರೂ ತಿರಸ್ಕರಿಸಿಲ್ಲ. ಮುಂದಿನವರು ಯಾರಾದರೂ ಬಂದು ಕೂಗು ಎದ್ದರೆ ಮಾತ್ರ ಅದಕ್ಕೂ ಬಿಡುಗಡೆ. ಯಾರೂ ಬಾರದಿದ್ದರೆ ಅಲ್ಲೇ ಕೊಳೆಯುತ್ತದೆ. ಅದಕ್ಕೆ ಪರಿಹಾರ ಸರಳ: ಕೂಗನ್ನು ತೆರೆದ ಮೇಲೆ ಡ್ರೈವರು ಇನ್ನೊಮ್ಮೆ ತಿರುಗಿ ಬಾಗಿಲು ನೋಡಬೇಕು. ಬೇರೆ ಬೇರೆ ಯಂತ್ರಗಳಲ್ಲಿ ಅದನ್ನು ಬೇರೆ ಬೇರೆ ರೀತಿಯಲ್ಲಿ ಮಾಡುತ್ತಾರೆ. ಸಮ್ಯಕ್ ಸ್ಮೃತಿಯ ಬಗ್ಗೆ ನಾವು ಎಷ್ಟೋ ಮಾತಾಡುತ್ತೇವೆ. ಮುಗಿಯಿತು ಅಂದುಕೊಂಡ ಮೇಲೆ ಇನ್ನೊಮ್ಮೆ ತಿರುಗಿ ನೋಡುವುದು ಅದರಲ್ಲಿ ಸೇರುತ್ತದೆ ಎಂದು ನನ್ನ ಎಣಿಕೆ.

ಈಗ ನನಗೆ ಮುಖ್ಯ ಅನ್ನಿಸುವ ವಿಷಯ. ಕಾಯಿಸುವ ಗಡಿಯಾರ ಎರಡು ಬಗೆ. ಇ1000 ಡ್ರೈವರಿನಲ್ಲಿ ಎರಡೂ ಇವೆ. ಮೊದಲನೆಯದು, ಪ್ಯಾಕೆಟ್ ಬಂದ ಮೇಲೆ ಇಷ್ಟು ಹೊತ್ತು ತಡೆದು ಕೂಗುತ್ತದೆ. ಆದರೆ ಅಷ್ಟರಲ್ಲಿ ಇನ್ನೊಂದು ಬಂದರೆ ಗಡಿಯಾರ ಮತ್ತೆ ಸೊನ್ನೆಯಿಂದ. ಅದು ಮುಗಿಯುವ ಮೊದಲು ಮತ್ತೊಂದು ಬಂದರೆ ಮತ್ತೆ ಸೊನ್ನೆ. ಹಿಂದಿನವರು ಬಿಡದೆ ಬರುತ್ತಲೇ ಇದ್ದರೆ ಮೊದಲು ಬಂದವನ ಸರದಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಎರಡನೆಯ ಗಡಿಯಾರ ಅದಕ್ಕಾಗಿಯೇ ಇಟ್ಟದ್ದು. ಅದು ಮೊದಲ ಪ್ಯಾಕೆಟ್ ಬಂದ ಕ್ಷಣದಿಂದ ಓಡುತ್ತದೆ. ಯಾರು ಬಂದರೂ, ಎಷ್ಟು ಬಂದರೂ ಸೊನ್ನೆಗೆ ಹೋಗುವುದಿಲ್ಲ. ಹೊತ್ತು ಮುಗಿದರೆ ಕೂಗಲೇಬೇಕು. ಎರಡರ ಅಳತೆಯೂ ಒಂದೇ, 1.024 ಮೈಕ್ರೊಸೆಕೆಂಡಿನ ಲೆಕ್ಕದಲ್ಲಿ. ವ್ಯತ್ಯಾಸ ಇರುವುದು ಯಾರಿಂದ ಎಣಿಸುತ್ತೇವೆ ಎನ್ನುವುದರಲ್ಲಿ, ಕೊನೆಗೆ ಬಂದವರಿಂದಲೋ ಮೊದಲು ಬಂದವರಿಂದಲೋ.

ನಮ್ಮ ಕಡೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರಲ್ಲ, ನೆನಪಿದೆಯೇ? ರಾತ್ರಿ ಬಂದ ದೆವ್ವ ಅದನ್ನು ಓದಿ ಹೋಗುತ್ತದೆ, ಮಾರನೆಯ ದಿನ ಬಂದು ಮತ್ತೆ ಓದಿ ಹೋಗುತ್ತದೆ. ದೆವ್ವವನ್ನು ನಾವು ನಂಬುವವರಲ್ಲ. ಆದರೆ ಆ ಬರಹದ ಜಾಣತನ ನೋಡಿ. ಅದು 'ಬರಬೇಡ' ಎನ್ನುವುದಿಲ್ಲ. ಬಾ ಎಂದೇ ಹೇಳುತ್ತದೆ. ಮೊದಲ ಬಗೆಯ ಗಡಿಯಾರ ಅಂದರೆ ಅದೇ. ಊರಿನ ಬಾವಿಯ ಹತ್ತಿರ ಕೊಡ ಹಿಡಿದು ನಿಂತ ನಮ್ಮ ಅಜ್ಜಿಯರಿಗೂ ಯಾರೂ ನೀರು ಕೊಡುವುದೇ ಇಲ್ಲ ಎನ್ನುತ್ತಿರಲಿಲ್ಲ. 'ನಿಂತ್ಕೊಳ್ಳಮ್ಮ, ಇವರದ್ದು ಆಗಲಿ' ಎನ್ನುತ್ತಿದ್ದರು. ಇವರದ್ದು ಆಗುವಷ್ಟರಲ್ಲಿ ಅವರು ಬರುತ್ತಿದ್ದರು.

ಸಂವಿಧಾನದಲ್ಲೂ ಇದು ಕಾಣುತ್ತದೆ. 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ರಾಜ್ಯ ಪ್ರಯತ್ನಿಸಬೇಕು ಎಂದು ಮೂಲ 45ನೇ ವಿಧಿ ಹೇಳಿತು. ಅದರಲ್ಲಿ 10 ವರ್ಷದೊಳಗೆ ಎಂಬ ಗಡಿ ಇತ್ತು. 1950ರಿಂದ ಎಣಿಸಿದರೆ 1960. ಎರಡನೆಯ ಬಗೆಯ ಗಡಿಯಾರವನ್ನೇ ಬರೆದಿದ್ದರು. ಆದರೆ ನಿರ್ದೇಶಕ ತತ್ವಗಳನ್ನು ನ್ಯಾಯಾಲಯದ ಮೂಲಕ ಜಾರಿ ಮಾಡಿಸಲು ಬರುವುದಿಲ್ಲ, ಆದ್ದರಿಂದ ಗಡಿಯಾರಕ್ಕೆ ಗಂಟೆ ಇರಲಿಲ್ಲ. ಹೊತ್ತು ಮುಗಿದರೂ ಸದ್ದಾಗಲಿಲ್ಲ. ಶಿಕ್ಷಣ ಮೂಲಭೂತ ಹಕ್ಕಾದದ್ದು 2002ರ 86ನೇ ತಿದ್ದುಪಡಿಯಿಂದ, ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಗಡಿ ದಾಟಿ ಐವತ್ತು ವರ್ಷ. ಆ ಐವತ್ತು ವರ್ಷದಲ್ಲಿ ದನ ಕಾದ ಮಕ್ಕಳು ಎಷ್ಟು ಜನ ಈ ಗುಂಪಿನಲ್ಲೇ ಇದ್ದೀರಿ!

ದೌರ್ಜನ್ಯ ತಡೆ ಕಾಯ್ದೆಯನ್ನು ನೋಡಿ. ನಿಯಮಗಳ ಪ್ರಕಾರ 60 ದಿನದೊಳಗೆ ತನಿಖೆ ಮುಗಿಸಿ ದೋಷಾರೋಪ ಪಟ್ಟಿ ಸಲ್ಲಿಸಬೇಕು. ಅಲ್ಲಿಂದ ಎರಡು ತಿಂಗಳಲ್ಲಿ ವಿಚಾರಣೆ ಮುಗಿಯಬೇಕು, 'ಸಾಧ್ಯವಾದಷ್ಟು ಮಟ್ಟಿಗೆ'. ಆ ಕೊನೆಯ ಎರಡು ಪದಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ, ಕೋರ್ಟಿಗೆ ಅಲೆದವರು ಹೇಳುತ್ತಾರೆ. ನನ್ನ ಗಮನ ಇರುವುದು ಗಡಿಯಾರ ಎಲ್ಲಿಂದ ಶುರುವಾಗುತ್ತದೆ ಎನ್ನುವುದರ ಮೇಲೆ. ದೂರು ದಾಖಲಾದರೆ ತಾನೇ 60 ದಿನ? ಠಾಣೆಯ ಬೆಂಚಿನ ಮೇಲೆ ಕೂತವನು ಇನ್ನೂ 'ಬಂದೇ ಇಲ್ಲ'. 2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟು ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ನಡೆಸಬಹುದು ಎಂದಿತು. ಅದೇ ಏಪ್ರಿಲ್ 2ರಂದು ದೇಶ ಬಂದ್ ಆಯಿತು. ಆ ವರ್ಷವೇ ಸಂಸತ್ತು 18ಎ ಎಂಬ ಹೊಸ ಕಲಂ ಸೇರಿಸಿ, ಎಫ್‌ಐಆರ್‌ಗೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದಿತು. 2019ರ ಅಕ್ಟೋಬರಿನಲ್ಲಿ ಕೋರ್ಟೇ ತನ್ನ ಆ ನಿರ್ದೇಶನಗಳನ್ನು ಹಿಂತೆಗೆದುಕೊಂಡಿತು. ಬೀದಿಗಿಳಿದವರಿಗೆ ಕಾನೂನಿನ ಪರಿಭಾಷೆ ಗೊತ್ತಿತ್ತೋ ಇಲ್ಲವೋ, ಗಡಿಯಾರದ ವಿಷಯ ಚೆನ್ನಾಗಿ ಗೊತ್ತಿತ್ತು. ನೆಟ್‌ವರ್ಕ್ ಕಾರ್ಡ್ ಕೂಡ ಈ ವಿಷಯದಲ್ಲಿ ಪ್ರಾಮಾಣಿಕ. ತುಂಡು ಒಡೆದು ಬಂದಿಲ್ಲ ಎಂಬುದನ್ನು ಮಾತ್ರ ನೋಡುತ್ತದೆ. ಒಳಗಿನ ಮಾತು ನಿಜವೋ ಸುಳ್ಳೋ ಎಂದು ತೀರ್ಮಾನಿಸಿ ಆಮೇಲೆ ಗಡಿಯಾರ ಒತ್ತುವುದಿಲ್ಲ.

ಇನ್ನೊಂದು ತೊಡಕು ಇದೆ. ಸಂಚಾರ ನೋಡಿ ಹೊಂದಿಸಿಕೊಳ್ಳುವುದು ಅಂದರೆ ಒಟ್ಟು ನೋಡಿ ಹೊಂದಿಸಿಕೊಳ್ಳುವುದು. ಯಾರೋ ದೊಡ್ಡ ಸಿನಿಮಾ ಫೈಲು ಇಳಿಸುತ್ತಿದ್ದಾರೆ ಅಂದುಕೊಳ್ಳಿ. ಅದರ ನಡುವೆ ಇನ್ನೊಬ್ಬರ ಒಂದು ಚಿಕ್ಕ ಪ್ಯಾಕೆಟ್, ಒಂದೇ ಒಂದು ಪ್ರಶ್ನೆ, ಬಂದಿದೆ. ಡ್ರೈವರಿಗೆ ಕಾಣುವುದು ರಾಶಿ. ರಾಶಿಗೆ ತಕ್ಕ ತಡೆ ಹಾಕುತ್ತದೆ, ಅದು ಆ ಒಂಟಿ ಪ್ಯಾಕೆಟ್ಟಿಗೂ ಅನ್ವಯ. ಯಾರೂ ಅದರ ವಿರುದ್ಧ ಏನೂ ಮಾಡಿಲ್ಲ. ಸರಾಸರಿ ತೆಗೆದಿದ್ದಾರೆ, ಅಷ್ಟೇ. ಸರಾಸರಿಯಲ್ಲಿ ಕೇಳಿಸುವುದು ಯಾವಾಗಲೂ ಗದ್ದಲ ಮಾಡುವವರ ದನಿ.

ಇದಕ್ಕೆ ಪರಿಹಾರವಾಗಿ ಬಂದದ್ದು ಬೇರೆ ಬೇರೆ ಸಾಲುಗಳು. ಈಗಿನ ಕಾರ್ಡುಗಳಲ್ಲಿ ಹಲವು ಸಾಲು ಇರುತ್ತವೆ, ಪ್ರತಿ ಸಾಲಿಗೂ ತನ್ನದೇ ಕೂಗು, ತನ್ನದೇ ತಡೆ. ಇಂಥ ಪ್ಯಾಕೆಟ್ ಇಂಥ ಸಾಲಿಗೆ ಹೋಗಲಿ ಅಂತ ನಿಯಮ ಬರೆಯಬಹುದು. ಇದನ್ನು ಕೆಲವರು ವಿಶೇಷ ಸೌಲಭ್ಯ ಎಂದು ತಪ್ಪು ತಿಳಿಯುತ್ತಾರೆ. ಬೇರೆ ಸಾಲಿನಲ್ಲಿರುವ ಪ್ಯಾಕೆಟ್ ಇನ್ನೊಬ್ಬರನ್ನು ತಳ್ಳಿ ಮುಂದೆ ಹೋಗುತ್ತಿಲ್ಲ. ಇನ್ನೊಬ್ಬರ ರಾಶಿಯ ಅಳತೆಯಿಂದ ತನ್ನನ್ನು ಅಳೆಯಬೇಡಿ ಎನ್ನುತ್ತಿದೆ.

ಪ್ರತ್ಯೇಕ ಚುನಾಯಕಗಣಕ್ಕಾಗಿ ಬಾಬಾಸಾಹೇಬರು ವಾದಿಸಿದ್ದನ್ನು ನಾನು ಈ ಬೆಳಕಿನಲ್ಲಿ ಓದುತ್ತೇನೆ. 1932ರ ಆಗಸ್ಟಿನಲ್ಲಿ ಬಂದ ಕೋಮುವಾರು ತೀರ್ಪಿನಲ್ಲಿ ಪ್ರಾಂತೀಯ ಶಾಸನಸಭೆಗಳಲ್ಲಿ ದಲಿತ ವರ್ಗಗಳಿಗೆ 71 ಸ್ಥಾನ, ಅದಕ್ಕೆ ಪ್ರತ್ಯೇಕ ಮತದಾನ. ಗಾಂಧಿಯವರ ಉಪವಾಸದ ನಂತರ ಸೆಪ್ಟೆಂಬರ್ 24ರಂದು ಪೂನಾ ಒಪ್ಪಂದವಾಯಿತು: ಸ್ಥಾನ 148, ಮತದಾನ ಜಂಟಿ. ಎಣಿಕೆ ಎರಡು ಪಟ್ಟಿಗಿಂತ ಹೆಚ್ಚಾಯಿತು, ಸಾಲು ಮಾತ್ರ ಒಂದೇ ಆಯಿತು. ಬೈಟ್ ಲೆಕ್ಕ ಹಾಕುವವರಿಗೆ ಅದು ಲಾಭವಾಗಿಯೇ ಕಾಣುತ್ತದೆ. ಯಾರ ಕೂಗಿಗೆ ಪ್ರತಿನಿಧಿ ಏಳುತ್ತಾನೆ ಎಂದು ಕೇಳುವವರಿಗೆ ಹಾಗೆ ಕಾಣುವುದಿಲ್ಲ. ಎಲ್ಲ ಹೋಲಿಕೆಗೂ ಮಿತಿ ಇದೆ; ಮನುಷ್ಯರು ಪ್ಯಾಕೆಟ್‌ಗಳಂತೆ ಒಂದೇ ಸಾಲಿನಲ್ಲಿ ಹುಟ್ಟಿ ಸಾಯುವುದಿಲ್ಲ, ಸಾಲುಗಳ ನಡುವೆ ಮೈತ್ರಿಯೂ ಬೆಳೆಯಬೇಕು. ಸಾಲು ಬೇರೆಯಾದ ಮಾತ್ರಕ್ಕೆ ಬಂಧುತ್ವ ಒಡೆಯುತ್ತದೆ ಎಂಬ ವಾದವನ್ನು ಮಾತ್ರ ನಾನು ಒಪ್ಪಲಾರೆ.

ಇದು ಸರ್ಕಾರದ ಮಾತಾಯಿತು. ನಮ್ಮ ಮಾತೂ ಇದೆ. ತೊಂದರೆಯಾದರೆ ಕರೆ ಮಾಡಿ ಅಂತ ನಾವು ಕೆಲವರ ನಂಬರು ಕೊಟ್ಟಿರುತ್ತೇವೆ. ಅದೇ ಫೋನಿಗೆ ಬೆಳಿಗ್ಗೆ ಶುಭೋದಯ, ಕಮಲದ ಚಿತ್ರ, ಜಯಂತಿಯ ಬ್ಯಾನರು, ಕೊನೆಗೆ ಇಂಥ ಚಿಂತನೆಯೂ ಬಂದು ಬೀಳುತ್ತದೆ. ಆ ಅಣ್ಣನೋ ಅಕ್ಕನೋ ಎಷ್ಟು ಅಂತ ನೋಡುತ್ತಾರೆ? ಗುಂಪನ್ನು ಮ್ಯೂಟ್ ಮಾಡುತ್ತಾರೆ. ಮಾಡಲೇಬೇಕು, ತಪ್ಪಲ್ಲ, ಅವರಿಗೂ ಸಂಸಾರವಿದೆ. ಆದರೆ ರಾತ್ರಿ ಹತ್ತಕ್ಕೆ ಯಾವುದೋ ಹಾಸ್ಟೆಲಿನಿಂದ ಒಬ್ಬ ಹುಡುಗ 'ಅಣ್ಣಾ, ಸ್ವಲ್ಪ ಮಾತಾಡಬೇಕಿತ್ತು' ಅಂತ ಅದೇ ಗುಂಪಿನಲ್ಲಿ ಹಾಕಿದರೆ, ಅದು ಕಮಲದ ಚಿತ್ರಗಳ ಸರಾಸರಿಯಲ್ಲಿ ಕಾಯುತ್ತದೆ. ಸಹಾಯದ ನಂಬರನ್ನು ಯಾವ ಗುಂಪಿಗೂ ಸೇರಿಸದೆ ಬೇರೆಯೇ ಇಡೋಣ ಅಂತ ನನ್ನ ಸಲಹೆ. ರಾತ್ರಿ ಮಲಗುವ ಮೊದಲು ಒಬ್ಬರು ಒಮ್ಮೆ ತಿರುಗಿ ನೋಡುವ ಪಾಳಿಯನ್ನೂ ಹಾಕಿಕೊಳ್ಳೋಣ. ಭಾನುವಾರ ವಂದನೆ ಮುಗಿದ ಮೇಲೆ ಇದನ್ನು ಮಾತಾಡಬಹುದು. ಅಂದಹಾಗೆ, ಈ ನನ್ನ ಬರಹ ರಾಶಿಯ ಸಾಲಿನದು. ನಾಳೆ ಓದಿದರೂ ನಡೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಯಾವ ಕರೆ ಕಾಯಬಲ್ಲದು, ಯಾವುದು ಕಾಯಲಾರದು ಅಂತ ಬಾಗಿಲಲ್ಲಿರುವವರಿಗೆ ಗೊತ್ತಾಗುವುದು ಹೇಗೆ? ಪ್ಯಾಕೆಟ್ ಚಿಕ್ಕದೋ ದೊಡ್ಡದೋ ಎಂಬುದರಿಂದ ಡ್ರೈವರು ಊಹಿಸುತ್ತದೆ. ನಾವು ಬಟ್ಟೆಯಿಂದ, ಭಾಷೆಯಿಂದ, ದನಿಯ ಏರಿಳಿತದಿಂದ ಊಹಿಸುತ್ತೇವೆ. ಎರಡೂ ಊಹೆಯೇ.

ಉದಾನದಲ್ಲಿ ಬಾಹಿಯ ದಾರುಚೀರಿಯನ ಪ್ರಸಂಗ ಬರುತ್ತದೆ. ತೊಗಟೆ ಉಡುತ್ತಿದ್ದ ಈತ ಸುಪ್ಪಾರಕದವನು, ಅಂದರೆ ಈಗ ನಮ್ಮವರು ಸ್ತೂಪ ನೋಡಲು ಹೋಗುವ ಮುಂಬೈ ಬಳಿಯ ನಾಲಾಸೋಪಾರ. ಅಲ್ಲಿಂದ ಸಾವತ್ಥಿಯವರೆಗೆ ಬಂದ. ಜೇತವನದಲ್ಲಿ ವಿಚಾರಿಸಿದರೆ ಬುದ್ಧರು ಭಿಕ್ಷೆಗೆ ಊರೊಳಗೆ ಹೋಗಿದ್ದಾರೆಂದರು. ಕಾಯಲಿಲ್ಲ. ಬೀದಿಯಲ್ಲೇ ಹುಡುಕಿ ಪಾದಕ್ಕೆ ಬಿದ್ದು ಧಮ್ಮ ಹೇಳಿ ಎಂದ. ಬುದ್ಧರು, ಇದು ಸಮಯವಲ್ಲ, ಭಿಕ್ಷೆಗೆ ಬಂದಿದ್ದೇವೆ ಎಂದರು. ಬಾಹಿಯ ಮತ್ತೆ ಕೇಳಿದ. ನಿಮ್ಮ ಪ್ರಾಣಕ್ಕಾಗಲಿ ನನ್ನ ಪ್ರಾಣಕ್ಕಾಗಲಿ ಯಾವಾಗ ಏನಾಗುತ್ತದೋ ಯಾರಿಗೆ ಗೊತ್ತು ಎಂಬುದು ಅವನ ವಾದ. ಬುದ್ಧರು ಎರಡನೆಯ ಸಲವೂ ಇಲ್ಲವೆಂದರು. ಅವರು ಇಲ್ಲವೆಂದದ್ದನ್ನು ಮುಚ್ಚಿಡದೆ ಸುತ್ತದಲ್ಲಿ ಬರೆದಿಟ್ಟಿದ್ದಾರೆ ಎಂಬುದು ನನಗೆ ಇಷ್ಟ. ಬೀದಿಯಲ್ಲಿ ಕೇಳಿದವರಿಗೆಲ್ಲ ನಿಂತು ಉತ್ತರಿಸುತ್ತಿದ್ದರೆ ಭಿಕ್ಷೆಯೂ ಇಲ್ಲ, ಸಂಘವೂ ಇಲ್ಲ. ಮೂರನೆಯ ಸಲ ಕೇಳಿದಾಗ ಅಲ್ಲೇ, ಮನೆಗಳ ನಡುವೆ ನಿಂತೇ, ನೋಡುವುದು ಕೇಳುವುದರ ಬಗ್ಗೆ ಕೆಲವೇ ಮಾತು ಹೇಳಿದರು. ಪೂರ್ತಿ ಪ್ರವಚನವಲ್ಲ. ಬಾಹಿಯನಿಗೆ ಅಷ್ಟೇ ಸಾಕಾಯಿತು, ಚಿತ್ತ ಬಿಡುಗಡೆಯಾಯಿತು. ಬುದ್ಧರು ಮುಂದಿನ ಮನೆಗೆ ನಡೆದರು.

ಸ್ವಲ್ಪ ಹೊತ್ತಿಗೆ ಎಳೆಗರುವಿನ ಹಸುವೊಂದು ಬಾಹಿಯನನ್ನು ಹಾಯ್ದು ಕೊಂದಿತು. ಊಟ ಮುಗಿಸಿ ಭಿಕ್ಕುಗಳೊಂದಿಗೆ ಊರ ಹೊರಗೆ ಬಂದ ಬುದ್ಧರು ಅವನ ದೇಹವನ್ನು ಕಂಡು, ಇವನು ನಿಮ್ಮ ಜೊತೆಗಾರ, ಎತ್ತಿ ದಹನ ಮಾಡಿ ಸ್ತೂಪ ಕಟ್ಟಿ ಎಂದರು.

ಭವತು ಸಬ್ಬ ಮಂಗಲಂ.
ಜೈ ಭೀಮ್. ನಮೋ ಬುದ್ಧಾಯ.